ಐದು ಗ್ರಾಂ ಟ್ಯೂಬು, ಒಂದು ಎಡಗಣ್ಣು

ಕರಡು ತಿದ್ದುವುದು ನನ್ನ ಕಸುಬು. ಹಾಗಾಗಿ ಕಣ್ಣಿನ ಮುಲಾಮಿನ ಬಗ್ಗೆ ಬರೆಯುವಾಗಲೂ ಅಕ್ಷರದಿಂದಲೇ ಶುರು ಮಾಡುತ್ತೇನೆ. ಶೇ. 3ರ ಅಸೈಕ್ಲೋವಿರ್ ಮುಲಾಮು ಹಚ್ಚಿಕೊಂಡ ಮೊದಲ ಇಪ್ಪತ್ತು ನಿಮಿಷ ನನ್ನ ಎಡಗಣ್ಣಿಗೆ ದ, ಧ, ಥ ಮೂರೂ ಒಂದೇ. ಪ ಯಾವುದು, ಷ ಯಾವುದು ಅಂತ ಪದ ನೋಡಿ ಊಹಿಸಬೇಕು. ನಲವತ್ತು ನಿಮಿಷಕ್ಕೆ ಷ-ದ ಹೊಟ್ಟೆಯ ಗೆರೆ ವಾಪಸು ಬರುತ್ತದೆ. ಧ-ದ ಕೆಳಗಿನ ಸೀಳು, ಥ-ದ ಒಳಗಿನ ಚುಕ್ಕೆ ಕಾಣಬೇಕಾದರೆ ಪೂರ್ತಿ ಒಂದು ಗಂಟೆ. ಬಲಗಣ್ಣನ್ನು ಅಂಗೈಯಲ್ಲಿ ಮುಚ್ಚಿ, ಗಡಿಯಾರ ಮುಂದಿಟ್ಟುಕೊಂಡು ಬರೆದಿಟ್ಟ ಲೆಕ್ಕ ಇದು. ದಿನಕ್ಕೆ ಐದು ಸಲ ಹಚ್ಚಬೇಕು. ಅಂದರೆ ದಿನಕ್ಕೆ ಐದು ಗಂಟೆ ಒಂಟಿ ಕಣ್ಣಿನ ಸಂಸಾರ.

ಹನ್ನೊಂದು ವರ್ಷದಲ್ಲಿ ನಾಲ್ಕು ಸಲ ನನಗೆ ಈ ಕಾಟ ಬಂದಿದೆ. ಹರ್ಪಿಸ್ ಸಿಂಪ್ಲೆಕ್ಸ್ ಕೆರಟೈಟಿಸ್ ಅಂತ ಹೆಸರು. ಜ್ವರ ಬಿಟ್ಟ ಮೇಲೆ ತುಟಿಯಂಚಿನಲ್ಲಿ ಗುಳ್ಳೆ ಏಳುತ್ತದಲ್ಲ, ಅದೇ ವೈರಸ್. ಜಾಗ ಮಾತ್ರ ಬೇರೆ: ಕಣ್ಣಿನ ಮುಂಭಾಗದ ಗಾಜಿನಂಥ ಪದರ, ಕಾರ್ನಿಯಾ. ಮೂರು ಸಲ ಮುಲಾಮು ಬಳಸಿದೆ, ನಾಲ್ಕನೆಯ ಸಲ ಗ್ಯಾನ್ಸಿಕ್ಲೋವಿರ್ ಜೆಲ್. ಎರಡರ ಬಗ್ಗೆಯೂ ಹೇಳುವುದು ಬಹಳ ದಿನದಿಂದ ಬಾಕಿ ಇತ್ತು. ಮೊನ್ನೆ ತಂಗಿಯ ಮಗ ಫೋನ್ ಮಾಡಿ, "ದೊಡ್ಡಮ್ಮ, ಇನ್ನೂ ಆ ಗ್ರೀಸನ್ನೇ ಹಚ್ಕೋತಾ ಇದೀರಾ? ಈಗ ಜೀನ್ ಹನಿ ಬಂದಿದೆಯಂತೆ, ಒಂದು ಸಲ ಬಿಟ್ಟರೆ ವೈರಸ್ಸಿನ ಬುಡವೇ ಕಟ್" ಅಂದ. ಅವನಿಗೆ ಕೊಟ್ಟ ಉತ್ತರ ಉದ್ದವಾಯಿತು, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸಲದ್ದು ಹೇಳಿಬಿಡಬೇಕು, ಯಾಕೆಂದರೆ ಇವತ್ತಿಗೂ ನನ್ನ ಎಡಗಣ್ಣಿನಲ್ಲಿ ಉಳಿದಿರುವ ಕಲೆ ವೈರಸ್ ಒಂದರ ಕೈವಾಡ ಅಲ್ಲ. ಕಣ್ಣು ಕೆಂಪಾಗಿತ್ತು, ಕಸ ಬಿದ್ದ ಹಾಗೆ ಒತ್ತುತ್ತಿತ್ತು, ದೀಪ ನೋಡಿದರೆ ನೀರು. ತೋರಿಸಿದ ಕಡೆ ಟಾರ್ಚ್ ಹಾಕಿ ನೋಡಿ, "ಕಂಜಂಕ್ಟಿವೈಟಿಸ್, ಎಲ್ಲರಿಗೂ ಬರ್ತಾ ಇದೆ" ಅಂದು ಒಂದು ಹನಿ ಬರೆದುಕೊಟ್ಟರು. ಆಂಟಿಬಯಾಟಿಕ್ ಜೊತೆ ಸ್ಟೀರಾಯ್ಡ್ ಬೆರೆತ ಹನಿ. ಎರಡೇ ದಿನಕ್ಕೆ ಕೆಂಪು ಇಳಿಯಿತು. ಎಂಥ ಒಳ್ಳೆ ಔಷಧ ಅಂತ ಮನೆಯಲ್ಲಿ ಎಲ್ಲರ ಹತ್ತಿರ ಹೊಗಳಿದೆ. ಆರನೆಯ ದಿನ ಬೆಳಿಗ್ಗೆ ಎದ್ದರೆ ಎಡಗಣ್ಣಿನ ಮುಂದೆ ಬೆಣ್ಣೆಕಾಗದ ಹಿಡಿದ ಹಾಗೆ. ಸ್ಟೀರಾಯ್ಡ್ ಮಾಡಿದ್ದು ಇಷ್ಟೇ: ಕೆಂಪಾಗಿಸುವುದು ನಮ್ಮದೇ ದೇಹದ ಕಾವಲು ಪಡೆ, ಅದನ್ನು ಮಲಗಿಸಿತು. ಕಾವಲುಗಾರರು ಮಲಗಿದ ಮನೆಯಲ್ಲಿ ವೈರಸ್ ಹಾಯಾಗಿ ಹರಡಿಕೊಂಡಿತು. ಮೇಲ್ಪದರದ ಹುಣ್ಣು ಇರುವಾಗ ಬರೀ ಸ್ಟೀರಾಯ್ಡ್ ಬಿಡುವುದು ಈ ರೋಗದಲ್ಲಿ ಮಾಡಬಾರದ ಮೊದಲ ಕೆಲಸ. ಆಮೇಲೆ ನೋಡಿದ ಕಣ್ಣಿನ ವೈದ್ಯೆ ಆ ಬಾಟಲಿಯನ್ನು ನನ್ನ ಕೈಯಿಂದ ಇಸಿದುಕೊಂಡು ಬುಟ್ಟಿಗೆ ಹಾಕಿದರು, ಒಂದು ಮಾತೂ ಆಡಲಿಲ್ಲ.

ಅವರು ಮಾಡಿದ ಪರೀಕ್ಷೆ ಐದು ನಿಮಿಷದ್ದು. ಹಳದಿ ಬಣ್ಣದ ಫ್ಲೋರೆಸೀನ್ ಪಟ್ಟಿಯನ್ನು ರೆಪ್ಪೆಯೊಳಗೆ ಮುಟ್ಟಿಸಿ, ಸ್ಲಿಟ್ ಲ್ಯಾಂಪಿನಲ್ಲಿ ಗದ್ದ ಇಡಿಸಿ, ನೀಲಿ ಬೆಳಕು ಬಿಟ್ಟರು. ಪರದೆಯ ಮೇಲೆ ನನಗೂ ತೋರಿಸಿದರು. ಹಸಿರು ಹೊಳೆಯುವ ಕೊಂಬೆ, ಅದಕ್ಕೆ ಮರಿಕೊಂಬೆ, ಒಂದೊಂದು ತುದಿಯಲ್ಲೂ ಮೊಗ್ಗಿನಂಥ ಗುಂಡು. ಅಂಚಿನಲ್ಲಿ ಆ ಕೊಂಬೆಗಳಿದ್ದವು, ನಡುವೆ ಮಾತ್ರ ಅವೆಲ್ಲ ಕೂಡಿಕೊಂಡು ನಕಾಶೆಯ ದ್ವೀಪದ ಹಾಗೆ ಅಗಲವಾದ ಹುಣ್ಣು. ದ್ವೀಪ ಸ್ಟೀರಾಯ್ಡಿನ ಕೊಡುಗೆ. ಕೊಂಬೆ ಆಗಿದ್ದಾಗಲೇ ಬಂದಿದ್ದರೆ ಹತ್ತು ದಿನದ ಕೆಲಸ, ಈಗ ಮೂರು ವಾರ ಹಿಡಿಯಿತು. ಅವರು ಇನ್ನೊಂದು ಮಾಡಿದರು: ಹತ್ತಿಯ ಎಳೆ ಹೊಸೆದು ಕಾರ್ನಿಯಾಕ್ಕೆ ಮುಟ್ಟಿಸಿದರು. ಬಲಗಣ್ಣು ಪಟ್ಟನೆ ಮುಚ್ಚಿಕೊಂಡಿತು. ಎಡಗಣ್ಣಿಗೆ ಮುಟ್ಟಿಸಿದಾಗ "ಮುಟ್ಟಿಸಿದಿರಾ ಡಾಕ್ಟ್ರೇ?" ಅಂತ ನಾನೇ ಕೇಳಿದೆ. ಈ ವೈರಸ್ ನರದ ಮೂಲಕ ಓಡಾಡುವುದರಿಂದ ಸ್ಪರ್ಶವನ್ನೇ ತಿಂದುಹಾಕುತ್ತದೆ. ನೋವು ಕಡಿಮೆ ಅಂತ ಸಮಾಧಾನಪಡುವ ಹಾಗಿಲ್ಲ.

ಈಗ ಮುಲಾಮಿಗೆ ಬರೋಣ. ಬೆಳ್ಳಗಿನ ಪ್ಯಾರಾಫಿನ್ ಜಿಡ್ಡಿನಲ್ಲಿ ಕಲೆಸಿದ ಔಷಧ. ಕೆಳರೆಪ್ಪೆಯನ್ನು ಕೆಳಕ್ಕೆ ಎಳೆದು ಜೋಳಿಗೆ ಮಾಡಿ, ಅದರೊಳಗೆ ಒಂದು ಸೆಂಟಿಮೀಟರ್ ಉದ್ದದ ಎಳೆ ಹಿಂಡಬೇಕು. ತುದಿ ರೆಪ್ಪೆಗೆ ತಾಗಬಾರದು. ತಣ್ಣಗಿದ್ದರೆ ಎಳೆ ಸುರುಳಿ ಸುತ್ತಿಕೊಂಡು ಟ್ಯೂಬಿನ ಮೂತಿಗೇ ಅಂಟುತ್ತದೆ. ಅದಕ್ಕೆ ಮುಷ್ಟಿಯಲ್ಲಿ ಎರಡು ನಿಮಿಷ ಹಿಡಿದುಕೊಂಡು ಬೆಚ್ಚಗೆ ಮಾಡಿ ಹಿಂಡುತ್ತೇನೆ, ಆಗ ಸರಾಗ. ಹಚ್ಚಿದ ಕ್ಷಣ ಸ್ವಲ್ಪ ಉರಿ. ಎರಡನೆಯ ವಾರಕ್ಕೆ ಉರಿ ಜಾಸ್ತಿಯಾಗಿ ಹೆದರಿ ಓಡಿದೆ. ಕಾರ್ನಿಯಾದ ಮೇಲೆ ಸೂಜಿ ಚುಚ್ಚಿದಂಥ ಸಣ್ಣ ಚುಕ್ಕೆಗಳು ಎದ್ದಿದ್ದವು. ರೋಗ ಅಲ್ಲ, ಮುಲಾಮಿನದೇ ಕೀಟಲೆ, ನಿಲ್ಲಿಸಿದ ಮೇಲೆ ಹೋಗುತ್ತದೆ ಅಂದರು. ಹೋಯಿತು. ಹುಣ್ಣು ಮಾಯ್ದ ಮೇಲೂ ಕನಿಷ್ಠ ಮೂರು ದಿನ ಹಚ್ಚಬೇಕು. ಕಣ್ಣು ಬಿಳಿಯಾಯಿತು ಅಂತ ನಡುವೆ ಬಿಡುವ ಹಾಗಿಲ್ಲ.

ಟ್ಯೂಬಿನ ಮೇಲೆ ನನ್ನದೊಂದು ದೊಡ್ಡ ತಕರಾರಿದೆ. ಅಸೈಕ್ಲೋವಿರ್ ಎರಡು ವೇಷದಲ್ಲಿ ಸಿಗುತ್ತದೆ: ಕಣ್ಣಿಗೆ ಶೇ. 3, ಚರ್ಮಕ್ಕೆ ಶೇ. 5. ಎರಡೂ ಬೆರಳುದ್ದದ ಟ್ಯೂಬು, ಎರಡರ ಮೇಲೂ ಔಷಧದ ಹೆಸರು ದಪ್ಪಕ್ಷರದಲ್ಲಿ, ಯಾವ ಅಂಗಕ್ಕೆ ಅನ್ನುವುದು ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ. ಓದಬೇಕಾದವರಿಗೆ ಕಣ್ಣೇ ಸರಿಯಿಲ್ಲ ಅನ್ನುವುದು ಮುದ್ರಿಸಿದವರಿಗೆ ಹೊಳೆಯಲೇ ಇಲ್ಲ! ಮೂರನೆಯ ಸಲ ನಮ್ಮೆಜಮಾನರು ಔಷಧದಂಗಡಿಯಿಂದ ತಂದಿದ್ದು ಚರ್ಮದ ಕ್ರೀಮು. ಮುಷ್ಟಿಯಲ್ಲಿ ಬೆಚ್ಚಗೆ ಮಾಡುತ್ತಿದ್ದಾಗ ವಾಸನೆ ಬೇರೆ ಅನ್ನಿಸಿ, ಭೂತಗನ್ನಡಿ ಹಿಡಿದು ಓದಿದೆ. ಕಸುಬು ಕಾಪಾಡಿತು. ಚರ್ಮದ ಕ್ರೀಮಿನಲ್ಲಿ ಬಳಸುವ ದ್ರಾವಕಗಳು ಕಣ್ಣನ್ನು ಕೆರಳಿಸುತ್ತವೆ, ಅದನ್ನು ಕಣ್ಣಿಗೆ ಹಾಕಲೇಬಾರದು.

ಇಷ್ಟೆಲ್ಲ ಗೊಣಗಿದ ಮೇಲೂ ನಾನು ಈ ಟ್ಯೂಬಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕೊಡುವುದು ಅದರ ಒಳಗಿನ ಉಪಾಯಕ್ಕೆ. ವೈದ್ಯೆ ಅರ್ಧ ಹೇಳಿದರು, ಮಿಕ್ಕಿದ್ದನ್ನು ನಾನೇ ಓದಿಕೊಂಡೆ.

ಹರ್ಪಿಸ್ ವೈರಸ್ ಅಂದರೆ ಸುಮಾರು 1,52,000 ಅಕ್ಷರಗಳ ಒಂದು ಪಠ್ಯ. ಸಣ್ಣ ಕಾದಂಬರಿಯಷ್ಟು, ನಾನು ಎರಡು ದಿನದಲ್ಲಿ ತಿದ್ದಿ ಮುಗಿಸುವಷ್ಟು. ವರ್ಣಮಾಲೆಯಲ್ಲಿ ನಾಲ್ಕೇ ಅಕ್ಷರ, ಒಳಗೆ ಎಂಬತ್ತು ಚಿಲ್ಲರೆ ಜೀನ್‌ಗಳು. ನಮ್ಮ ಜೀವಕೋಶಕ್ಕೆ ನುಗ್ಗಿ ಈ ಪಠ್ಯದ ಪ್ರತಿ ತೆಗೆಯುತ್ತಾ ಹೋಗುವುದೇ ಅದರ ಬದುಕು. ಆ ಜೀನ್‌ಗಳಲ್ಲಿ ಯುಎಲ್23 ಅಂತ ಒಂದಿದೆ, ಥೈಮಿಡಿನ್ ಕೈನೇಸ್ ಎಂಬ ಕಿಣ್ವವನ್ನು ತಯಾರಿಸುವುದು ಅದರ ಕೆಲಸ. ಟ್ಯೂಬಿನಿಂದ ಹೊರಬಂದ ಅಸೈಕ್ಲೋವಿರ್ ಹಾಗೇ ಇದ್ದರೆ ಏನೂ ಮಾಡದ ಸಾಧುಪ್ರಾಣಿ. ಅದಕ್ಕೆ ಮೂರು ಫಾಸ್ಫೇಟ್ ಕೊಂಡಿ ಸಿಕ್ಕಿದರೆ ಮಾತ್ರ ಹಲ್ಲು ಬರುತ್ತದೆ. ಮೊದಲ ಕೊಂಡಿ ಸಿಕ್ಕಿಸುವುದು ವೈರಸ್ಸಿನ ಆ ಕಿಣ್ವ, ಮಿಕ್ಕ ಎರಡನ್ನು ನಮ್ಮ ಜೀವಕೋಶದ ಕಿಣ್ವಗಳು ಸಿಕ್ಕಿಸುತ್ತವೆ. ಹೀಗೆ ಸಿಂಗರಿಸಿಕೊಂಡ ಔಷಧ 'ಜಿ' ಅಕ್ಷರದ ವೇಷದಲ್ಲಿ ಹೊಸ ಪ್ರತಿಯೊಳಗೆ ಕೂತುಬಿಡುತ್ತದೆ. ಆದರೆ ಮುಂದಿನ ಅಕ್ಷರ ಜೋಡಿಸಲು ಅದಕ್ಕೆ ಕೊಕ್ಕೆಯೇ ಇಲ್ಲ. ಸಾಲು ಅಲ್ಲಿಗೇ ನಿಂತಿತು, ಪ್ರತಿ ಕೆಟ್ಟಿತು. ಸೋಂಕಿಲ್ಲದ ಜೀವಕೋಶದಲ್ಲಿ ವೈರಸ್ಸಿನ ಕಿಣ್ವ ಇಲ್ಲ, ಹಾಗಾಗಿ ಅಲ್ಲಿ ಔಷಧ ಹೆಚ್ಚುಕಡಿಮೆ ಸಾಧುವಾಗೇ ಉಳಿಯುತ್ತದೆ. ಕಳ್ಳನ ಕೈಯಿಂದಲೇ ಕಳ್ಳನ ಕೋಣೆಗೆ ಬೀಗ.

ಇದಕ್ಕೂ ಹಿಂದಿನ ಔಷಧ ಐಡಾಕ್ಸಿಯುರಿಡಿನ್. 1963ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ, ವೈರಸ್ಸಿನ ವಿರುದ್ಧದ ಮೊಟ್ಟಮೊದಲ ಔಷಧ. ಅದು ಬಂದದ್ದೂ ಇದೇ ಕಣ್ಣಿನ ರೋಗಕ್ಕೇ ಅನ್ನುವುದು ನನಗೆ ಯಾಕೋ ಖುಷಿ ಕೊಡುತ್ತದೆ. ಆದರೆ ಅದಕ್ಕೆ ವೈರಸ್ ಯಾವುದು, ಮನೆಯವರು ಯಾರು ಅನ್ನುವ ವಿವೇಚನೆ ಕಡಿಮೆ. ಆರೋಗ್ಯವಂತ ಜೀವಕೋಶದ ಪಠ್ಯಕ್ಕೂ ನುಗ್ಗುತ್ತಿತ್ತು. ಅಸೈಕ್ಲೋವಿರ್ ಬಂದ ಮೇಲೆ ಆ ಗೊಂದಲ ತೀರಿತು. ಅದರ ಹಿಂದಿದ್ದ ಪ್ರಯೋಗಾಲಯದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಔಷಧ ಸೋಲುವುದೂ ಇದೇ ಜೀನಿನಿಂದ. ಯುಎಲ್23ರಲ್ಲಿ ಅಚ್ಚಿನ ತಪ್ಪು ಬಿದ್ದು ಕಿಣ್ವ ಕೆಟ್ಟ ವೈರಸ್ಸಿಗೆ ಬೀಗ ಹಾಕಲು ಬರುವುದಿಲ್ಲ, ಅದು ಔಷಧಕ್ಕೆ ಬಗ್ಗುವುದಿಲ್ಲ. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಇಂಥದ್ದು ಹೆಚ್ಚು.

ಜೆಲ್ ವಿಷಯ ಬೇಗ ಮುಗಿಸುತ್ತೇನೆ. ಗ್ಯಾನ್ಸಿಕ್ಲೋವಿರ್ ಶೇ. 0.15. ಉಪಾಯ ಹೆಚ್ಚುಕಡಿಮೆ ಅದೇ, ಮೊದಲ ಕೊಂಡಿ ಸಿಕ್ಕಿಸುವ ಕಿಣ್ವವೂ ಅದೇ. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2009ರಲ್ಲಿ. ಜಿಡ್ಡಿನ ಬದಲು ನೀರಿನ ಜೆಲ್ ಆದ್ದರಿಂದ ಹನಿಯ ಹಾಗೆ ಬೀಳುತ್ತದೆ. ಹುಣ್ಣು ಮಾಯುವ ತನಕ ದಿನಕ್ಕೆ ಐದು ಸಲ, ಆಮೇಲೆ ಏಳು ದಿನ ಮೂರು ಸಲ. ನನ್ನ ಅಕ್ಷರ ಪರೀಕ್ಷೆಯಲ್ಲಿ ಧ-ದ ಸೀಳು ಹತ್ತೇ ನಿಮಿಷಕ್ಕೆ ವಾಪಸು! ಹುಣ್ಣು ಮಾಯಲು ಹಿಡಿದದ್ದು ಒಂಬತ್ತು ದಿನ, ಮುಲಾಮಿನ ಹತ್ತು ದಿನಕ್ಕೂ ಅದಕ್ಕೂ ಏನು ಮಹಾ ವ್ಯತ್ಯಾಸ. ಗುಣ ಮಾಡುವುದರಲ್ಲಿ ಎರಡೂ ಸರಿಸಮ, ಸಹಿಸಿಕೊಳ್ಳಲು ಜೆಲ್ ಸುಲಭ. ಓದಿ ಬರೆದು ಬದುಕುವವರು ವೈದ್ಯರನ್ನು ಕೇಳಿ ಜೆಲ್ ಬರೆಸಿಕೊಳ್ಳಿ. ರಾತ್ರಿಗೆ ಮಾತ್ರ ನನಗೆ ಮುಲಾಮೇ ಇಷ್ಟವಾಗಿತ್ತು; ಬೆಳಿಗ್ಗೆ ರೆಪ್ಪೆ ಒಣಗಿ ಅಂಟಿಕೊಳ್ಳುತ್ತಿರಲಿಲ್ಲ. ಟ್ರೈಫ್ಲುರಿಡಿನ್ ಅಂತ ಇನ್ನೊಂದು ಹನಿ ಇದೆ, ಎಚ್ಚರವಿರುವಷ್ಟು ಹೊತ್ತೂ ಎರಡು ಗಂಟೆಗೊಮ್ಮೆ ಬಿಡಬೇಕು, ಫ್ರಿಜ್ಜಿನಲ್ಲಿಡಬೇಕು. ನಾನು ಬಳಸಿಲ್ಲ.

ಇನ್ನು ತಂಗಿ ಮಗನ ಜೀನ್ ಹನಿ. ಅವನು ಓದಿದ್ದು ಪೂರ್ತಿ ಸುಳ್ಳಲ್ಲ, ಹನಿ ಅನ್ನುವ ಪದ ಮಾತ್ರ ತಪ್ಪು. ಕರಡಿನಲ್ಲಾದರೆ ಕೆಂಪು ಸುತ್ತು ಹಾಕುತ್ತಿದ್ದೆ. ಶಾಂಘೈನ ಸಂಶೋಧಕರು ಜೀನನ್ನು ಗುರಿಯಿಟ್ಟ ಜಾಗದಲ್ಲೇ ತುಂಡು ಮಾಡುವ ಕ್ರಿಸ್ಪರ್ ಎಂಬ ಕತ್ತರಿಯನ್ನು ಹರ್ಪಿಸ್ಸಿನ ಎರಡು ಜೀನ್‌ಗಳಿಗೆ, ಯುಎಲ್8 ಮತ್ತು ಯುಎಲ್29ಕ್ಕೆ, ಗುರಿ ಇಟ್ಟರು. ಕತ್ತರಿಯನ್ನು ನೇರವಾಗಿ ಕಳಿಸದೆ, ಅದನ್ನು ತಯಾರಿಸುವ ಆರ್‌ಎನ್‌ಎ ಚೀಟಿಯನ್ನು ವೈರಸ್ಸಿನಂಥ ಪೊಟ್ಟಣದಲ್ಲಿಟ್ಟು ಕಳಿಸಿದರು. ಚೀಟಿ ಬೇಗ ಹರಿದುಹೋಗುವುದರಿಂದ ಕತ್ತರಿಯೂ ಸ್ವಲ್ಪ ಹೊತ್ತಿನಲ್ಲೇ ಮಾಯ. ಇಲಿಗಳ ಮೇಲಿನ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಆಮೇಲೆ ಯಾವ ಔಷಧಕ್ಕೂ ಬಗ್ಗದ, ಕಾರ್ನಿಯಾ ಕಸಿಯ ಹಂತ ತಲುಪಿದ್ದ ಮೂರು ರೋಗಿಗಳಿಗೆ ಕೊಟ್ಟು ನೋಡಿದರು. ಸರಾಸರಿ ಹದಿನೆಂಟು ತಿಂಗಳು ಗಮನಿಸಿದಾಗ ರೋಗ ಮರುಕಳಿಸಿರಲಿಲ್ಲ. ಓದಿದಾಗ ನನಗೂ ಎದೆ ಹೊಡೆದುಕೊಂಡಿತು. ಆದರೆ ಕೊಟ್ಟದ್ದು ಸೂಜಿಯಲ್ಲಿ, ಕಾರ್ನಿಯಾದ ದಪ್ಪದೊಳಕ್ಕೆ. ಮೂವರು ಅಂದರೆ ಮೂವರೇ, ಅದನ್ನೂ ಮರೆಯಬಾರದು.

ಹನಿ ಯಾಕಲ್ಲ? ಬಾಟಲಿಯಿಂದ ಬೀಳುವ ಒಂದು ಹನಿ 30ರಿಂದ 50 ಮೈಕ್ರೋಲೀಟರ್. ಕಣ್ಣಿನ ಮೇಲೆ ಇರುವ ಕಣ್ಣೀರು ಸುಮಾರು 7. ರೆಪ್ಪೆಯ ಜೋಳಿಗೆ ಹೆಚ್ಚೆಂದರೆ 30 ಹಿಡಿದೀತು. ಮಿಕ್ಕಿದ್ದು ಕೆನ್ನೆಗೆ, ಇಲ್ಲವೇ ಮೂಗಿನ ನಾಳಕ್ಕೆ ಇಳಿದು ಗಂಟಲಲ್ಲಿ ಕಹಿ. ನಾಲ್ಕು ಸಲ ರೆಪ್ಪೆ ಬಡಿದರೆ ಉಳಿದದ್ದೂ ತೊಳೆದುಹೋಗುತ್ತದೆ. ಸಾಮಾನ್ಯ ಔಷಧವೇ ನೂರರಲ್ಲಿ ಐದು ಪಾಲೂ ಕಣ್ಣಿನ ಒಳಕ್ಕೆ ಇಳಿಯುವುದಿಲ್ಲ. ಆರ್‌ಎನ್‌ಎ ಅದಕ್ಕಿಂತ ಎಷ್ಟೋ ಪಟ್ಟು ದಪ್ಪ, ಮೇಲಾಗಿ ಅದನ್ನು ಚೂರು ಮಾಡುವ ಕಿಣ್ವಗಳು ಕಣ್ಣೀರಿನಲ್ಲೇ ಇವೆ. ಕಾರ್ನಿಯಾದ ಮೇಲ್ಪದರ ಒತ್ತೊತ್ತಾಗಿ ಹೆಂಚು ಹೊದೆಸಿದ ಮಾಡಿನ ಹಾಗೆ. ಹರ್ಪಿಸ್ಸಿಗೆ ಬಾಗಿಲು ಯಾವುದು ಅಂತ ಗೊತ್ತು, ನಮ್ಮ ಚೀಟಿಗೆ ಗೊತ್ತಿಲ್ಲ.

ಗೊತ್ತಾದರೂ ಸಾಲದು. ವೈರಸ್ಸಿನ ಅಡಗುದಾಣ ಕಣ್ಣಲ್ಲಿ ಇಲ್ಲ. ಮುಖದ ಸ್ಪರ್ಶವನ್ನೆಲ್ಲ ಹೊರುವ ಟ್ರೈಜೆಮಿನಲ್ ನರದ ಗಂಟು ತಲೆಬುರುಡೆಯ ತಳದಲ್ಲಿದೆ. ಅಲ್ಲಿ ಅದು ಪ್ರತಿಗಿತಿ ಏನೂ ತೆಗೆಯದೆ ಸುಮ್ಮನೆ ಮಲಗಿರುತ್ತದೆ. ಪ್ರತಿ ತೆಗೆಯದವನ ಮುಂದೆ ಅಸೈಕ್ಲೋವಿರ್‌ಗೆ ಕೆಲಸವೇ ಇಲ್ಲ. ನಾನು ಒಂದು ಅಂಕ ಹಿಡಿದದ್ದು ಇದಕ್ಕೇ, ಮಸುಕಿಗಲ್ಲ. ಟ್ಯೂಬು ಈ ಸಲದ ಹುಣ್ಣನ್ನು ಮಾಯಿಸುತ್ತದೆ, ಮುಂದಿನ ಸಲವನ್ನು ತಡೆಯುವುದಿಲ್ಲ. ಶಾಂಘೈನವರ ಇಲಿಗಳಲ್ಲಿ ಕತ್ತರಿ ಕಾರ್ನಿಯಾದ ನರ ಹಿಡಿದು ಆ ಗಂಟಿನ ತನಕ ಹೋದ ಕುರುಹು ಸಿಕ್ಕಿದೆ. ನಿಜವಾಗಿ ಕಾಯಬೇಕಾದ್ದು ಆ ಪ್ರಯಾಣಕ್ಕೆ.

ಕಣ್ಣಿಗೆ ಜೀನ್ ಮಟ್ಟದ ಔಷಧ ಹೊಸದಂತೂ ಅಲ್ಲ. 1998ರಲ್ಲೇ ಫೋಮಿವಿರ್ಸೆನ್ ಅಂತ ಬಂದಿತ್ತು. 21 ಅಕ್ಷರದ ತುಣುಕು, ಸೈಟೋಮೆಗಾಲೋವೈರಸ್ ಎಂಬ ಇನ್ನೊಂದು ವೈರಸ್ಸಿನ ಸಂದೇಶಕ್ಕೆ ಎದುರುಬದುರಾಗಿ ಅಂಟಿಕೊಂಡು ಅದನ್ನು ಓದದಂತೆ ಮಾಡುತ್ತಿತ್ತು. ಏಡ್ಸ್ ರೋಗಿಗಳ ರೆಟಿನಾ ಉಳಿಸಲು ಮಾಡಿದ್ದು. ಅದೂ ಸೂಜಿಯಲ್ಲೇ, ಕಣ್ಣುಗುಡ್ಡೆಯ ಒಳಕ್ಕೇ. ಎಚ್‌ಐವಿಗೆ ಒಳ್ಳೆಯ ಮಾತ್ರೆಗಳು ಬಂದ ಮೇಲೆ ಆ ಸೋಂಕೇ ಕಡಿಮೆಯಾಗಿ, ಈ ಔಷಧ ಮಾರುಕಟ್ಟೆಯಿಂದಲೇ ಹೋಯಿತು.

ನಿಜವಾದ ಜೀನ್ ಹನಿಯ ಕತೆ ಒಂದಿದೆ, ಅದನ್ನು ಓದಿದ ರಾತ್ರಿ ನನಗೆ ನಗು ತಡೆಯಲಾಗಲಿಲ್ಲ. ಮುಟ್ಟಿದರೆ ಚರ್ಮ ಕಿತ್ತುಬರುವ ಒಂದು ಹುಟ್ಟುರೋಗಕ್ಕೆ 2023ರಲ್ಲಿ ವೈಜುವೆಕ್ ಎಂಬ ಹಚ್ಚುವ ಜೆಲ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಚರ್ಮವನ್ನು ಹಿಡಿದಿಡುವ ಕೊಲಾಜನ್ನಿನ ಜೀನನ್ನು ಅದು ಗಾಯಕ್ಕೆ ತಲುಪಿಸುತ್ತದೆ. ಆ ರೋಗವಿದ್ದ, ಕಣ್ಣಿನ ಮೇಲೆಲ್ಲ ಕಲೆ ಕಟ್ಟಿದ್ದ ಒಬ್ಬ ಹುಡುಗನಿಗೆ ಮಯಾಮಿಯ ಬ್ಯಾಸ್ಕಮ್ ಪಾಮರ್ ಕಣ್ಣಿನ ಸಂಸ್ಥೆಯಲ್ಲಿ ಕಲೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು, ಇದೇ ಔಷಧವನ್ನು ಹನಿಯಾಗಿ ಬಿಟ್ಟರು. ಕಣ್ಣು ತಿಳಿಯಾಯಿತು. ಆ ಜೀನನ್ನು ಹೊತ್ತೊಯ್ಯುವ ವಾಹನ ಯಾವುದು ಗೊತ್ತೇ? ಮರಿ ಹಾಕುವ ಶಕ್ತಿ ಕಿತ್ತುಹಾಕಿದ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್, ಒಂದನೆಯ ನಮೂನೆ. ನನ್ನ ಎಡಗಣ್ಣು ಕೆಡಿಸಿದ ಆಸಾಮಿಯೇ ಅಲ್ಲಿ ಅಂಚೆಯವನು. ಬಾಗಿಲು ಅವನಿಗೆ ಗೊತ್ತು ಅಂದೆನಲ್ಲ.

ಸದ್ಯಕ್ಕೆ ನನ್ನ ಮನೆಯ ಏರ್ಪಾಡು ಹಳೆಯ ಕಾಲದ್ದು. ನಾಲ್ಕನೆಯ ಸಲ ಆದ ಮೇಲೆ ಅಸೈಕ್ಲೋವಿರ್ 400 ಮಿಲಿಗ್ರಾಂ ಮಾತ್ರೆ, ದಿನಕ್ಕೆ ಎರಡು. ಈ ಕ್ರಮವನ್ನು ಹನ್ನೆರಡು ತಿಂಗಳು ಪರೀಕ್ಷಿಸಿದ ದೊಡ್ಡ ಅಧ್ಯಯನ 1998ರಲ್ಲಿ ಪ್ರಕಟವಾಗಿದೆ: ಮಾತ್ರೆ ತೆಗೆದುಕೊಂಡವರಲ್ಲಿ ಶೇ. 19 ಜನಕ್ಕೆ ರೋಗ ಮರುಕಳಿಸಿತು, ಔಷಧವಿಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 32ಕ್ಕೆ. ನನಗೆ ಹದಿನಾಲ್ಕು ತಿಂಗಳಾಯಿತು, ಕಣ್ಣು ಸುಮ್ಮನಿದೆ. ಮೂತ್ರಪಿಂಡದ ಪರೀಕ್ಷೆ ಆಗಾಗ ಮಾಡಿಸುತ್ತೇನೆ, ನೀರು ಚೆನ್ನಾಗಿ ಕುಡಿಯುತ್ತೇನೆ. ಮಾತ್ರೆ ಯಾವಾಗ ನಿಲ್ಲಿಸುವುದು ಅಂತ ವೈದ್ಯೆಗೂ ನನಗೂ ಪ್ರತಿ ಸಲ ಚೌಕಾಸಿ ನಡೆಯುತ್ತದೆ.

ಇದನ್ನು ಓದಿ ಕಣ್ಣು ಕೆಂಪಾದವರೆಲ್ಲ ಟ್ಯೂಬು ಕೊಳ್ಳಲು ಹೋಗಬೇಡಿ. ಊರಿಗೆಲ್ಲ ಹರಡುವ ಕೆಂಗಣ್ಣು ಬಹುಪಾಲು ಅಡಿನೋವೈರಸ್ಸಿನದು, ಅದಕ್ಕೆ ಅಸೈಕ್ಲೋವಿರ್ ನಾಟುವುದಿಲ್ಲ, ತಾನೇ ಇಳಿಯುತ್ತದೆ. ಒಂದೇ ಕಣ್ಣು, ಬೆಳಕು ಕಂಡರೆ ನೋವು, ಅಕ್ಷರ ಮಸುಕು, ಹಿಂದೆ ಹೀಗೇ ಆಗಿತ್ತು: ಇಷ್ಟಿದ್ದರೆ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡುವವರ ಹತ್ತಿರ ಅವತ್ತೇ ಹೋಗಿ.

ಜೆಲ್ ಟ್ಯೂಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಮುಚ್ಚಳ ತೆಗೆದು ನಾಲ್ಕು ವಾರವಾಗಿತ್ತು, ಬಿಸಾಡಿದೆ. ನಮ್ಮೆಜಮಾನರಿಗೆ ಹೊಟ್ಟೆ ಉರಿಯಿತು. ಡಬ್ಬಿಯನ್ನು ಮಾತ್ರ ಇಟ್ಟುಕೊಂಡು, ಅದರ ಇರುವೆ ಸಾಲಿನ ಅಕ್ಷರದ ಸುತ್ತ ಕೆಂಪು ಶಾಯಿಯಲ್ಲಿ ಗುಂಡು ಸುತ್ತಿ, 'ಕಣ್ಣಿಗೆ' ಅಂತ ದಪ್ಪಗೆ ಬರೆದಿದ್ದೇನೆ. ಮುಂದಿನ ಸಲ ಅಂಗಡಿಗೆ ಹೋಗುವಾಗ ಅವರ ಕೈಗೆ ಕೊಟ್ಟು ಕಳಿಸಲು.